ಬೆನ್ನುಹುರಿ ಗಡ್ಡೆ ಮತ್ತೆ ಬಂತಾ? ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಇವತ್ತು ಸಂಜೆ ಬಳ್ಳಾರಿಯ ನ್ಯೂರೋಸರ್ಜನ್ ಡಾಕ್ಟ್ರು ಒಂದು ತಾಸು ಗ್ರೂಪಿನಲ್ಲಿ ಇರುತ್ತಾರೆ. ಬೆನ್ನುಹುರಿಯ ಕ್ಯಾನ್ಸರ್ ಅಲ್ಲದ ಗಡ್ಡೆ, ಅದರಲ್ಲೂ ಆಪರೇಷನ್ ಆದ ಮೇಲೆ ಮತ್ತೆ ಬರುವುದರ ಬಗ್ಗೆ ಕೇಳಿ. ದೇವರ ಫೋಟೋ, ಫಾರ್ವರ್ಡ್ ಬೇಡ.

ಮಾನ್ವಿ ಮೇಷ್ಟ್ರು: ನಮಸ್ಕಾರ ಸರ್. ಅಮ್ಮನಿಗೆ 62. ನಾಲ್ಕು ವರ್ಷದ ಹಿಂದೆ ಬೆನ್ನಿನ ನಡುವೆ ಮೆನಿಂಜಿಯೋಮಾ ತೆಗೆಸಿದೆವು. ಪೂರ್ತಿ ಬಂದಿದೆ ಅಂದಿದ್ದರು. ಈಗ ಅದೇ ಜಾಗದಲ್ಲಿ 6 ಮಿಲಿಮೀಟರ್ ಅಂತ ಎಂಆರ್‌ಐನಲ್ಲಿ ಬಂದಿದೆ. ಅಮ್ಮ ಓಡಾಡುತ್ತಾರೆ, ರೊಟ್ಟಿ ಬಡಿಯುತ್ತಾರೆ. ಮತ್ತೆ ಕೊಯ್ಯಿಸಬೇಕಾ?

ಡಾಕ್ಟರ್: ಸದ್ಯಕ್ಕೆ ಬೇಡ ಮೇಷ್ಟ್ರೇ. ಈ ಗಡ್ಡೆ ಹುಟ್ಟುವುದು ಹುರಿಯನ್ನು ಸುತ್ತಿದ ಪೊರೆಯಿಂದ. ಗಡ್ಡೆ ತೆಗೆದ ಮೇಲೆ ಅದು ಅಂಟಿಕೊಂಡಿದ್ದ ಪೊರೆಯನ್ನು ಕತ್ತರಿಸಬಹುದು, ಇಲ್ಲವೇ ಸುಟ್ಟು ಬಿಡಬಹುದು. ಹುರಿಯ ಮುಂದಿನ ಬದಿಗಿದ್ದರೆ ಕತ್ತರಿಸುವುದು ಕಷ್ಟ, ಸುಡುತ್ತೇವೆ. ಅಲ್ಲಿ ನಾಲ್ಕು ಕಣ ಉಳಿದರೂ ವರ್ಷಗಟ್ಟಲೆ ನಿಧಾನಕ್ಕೆ ಬೆಳೆಯುತ್ತವೆ. ಆಪರೇಷನ್ ಆದ ಮೇಲೆ ತೆಗೆದ ಮೊದಲ ಎಂಆರ್‌ಐ ಹುಡುಕಿ ಪಕ್ಕದಲ್ಲಿಟ್ಟು ನೋಡಿಸಿ. ಆಗಲೂ 5 ಇದ್ದರೆ ಇದು ಮತ್ತೆ ಬಂದದ್ದಲ್ಲ, ಉಳಿದದ್ದು. ಆರೇಳು ತಿಂಗಳಿಗೆ ಇನ್ನೊಮ್ಮೆ ಸ್ಕ್ಯಾನ್. ಕಾಲು ಬಿಗಿಯಾದರೆ, ಚಪ್ಪಲಿ ಜಾರಿ ಹೋದದ್ದು ಗೊತ್ತಾಗದಿದ್ದರೆ ಅಷ್ಟು ದಿನ ಕಾಯಬೇಡಿ.

ಕೊಪ್ಪಳದ ಹುಡುಗ: ಸರ್ ನನಗೆ 29. ಎಲ್2, ಅಂದರೆ ಸೊಂಟದ ಎರಡನೇ ಮೂಳೆಯಲ್ಲಿ ಹೆಮಾಂಜಿಯೋಮಾ ಅಂತೆ. ಗಡ್ಡೆ ಅಂತ ಗೊತ್ತಾದಾಗಿನಿಂದ ನಿದ್ದೆ ಇಲ್ಲ.

ಡಾಕ್ಟರ್: ನಿದ್ದೆ ಮಾಡಿ. ಹತ್ತರಲ್ಲಿ ಒಬ್ಬರಿಗೆ ಸುಮಾರಾಗಿ ಇದು ಇದ್ದೇ ಇರುತ್ತದೆ. ಮೂಳೆಯೊಳಗಿನ ರಕ್ತನಾಳದ ಗೊಂಚಲು, ಅಷ್ಟೇ. ಬಹುಪಾಲು ಜನರಿಗೆ ಏನೂ ಮಾಡಬೇಕಿಲ್ಲ.

ಸಿಂಧನೂರು ಅಕ್ಕ: ಸರ್, ನನ್ನ ತಮ್ಮನಿಗೆ 27. ರೈಸ್ ಮಿಲ್‌ನಲ್ಲಿ ಕೆಲಸ. 2019ರಲ್ಲಿ ಕುತ್ತಿಗೆಯಲ್ಲಿ, 2022ರಲ್ಲಿ ಸೊಂಟದಲ್ಲಿ ಆಪರೇಷನ್ ಆಯಿತು. ಎರಡೂ ಸಲ ಶ್ವಾನೋಮಾ ಅಂತ ರಿಪೋರ್ಟ್. ಈಗ ಬೆನ್ನಿನ ನಡುವೆ ಮತ್ತೆ ಬಂದಿದೆ. ಮಲಗಿದರೆ ನೋವು ಜಾಸ್ತಿ, ರಾತ್ರಿಯೆಲ್ಲ ಗೋಡೆಗೆ ಒರಗಿ ಕೂತೇ ಬೆಳಗು ಮಾಡುತ್ತಾನೆ. ಯಾಕೆ ಹೀಗೆ ಬಿಡದೆ ಬರುತ್ತಿದೆ ಸರ್? ಮೊದಲೇ ಸರಿಯಾಗಿ ತೆಗೆದಿಲ್ಲವಾ? ಮಿಲ್ ಸದ್ದಿಗೆ ಕಿವಿ ಬೇರೆ ಮಂದ ಆಗಿದೆ, ಫೋನ್ ಯಾವಾಗಲೂ ಎಡಗಿವಿಗೇ ಹಿಡಿಯುತ್ತಾನೆ.

ಸಿರುಗುಪ್ಪ ಸ್ಟೋರ್: ಶ್ವಾನ ಅಂದರೆ ನಾಯಿ ಅಲ್ವಾ? ನಾಯಿ ಕಚ್ಚಿದ್ದಕ್ಕೆ ಬರುತ್ತದಾ ಇದು?

ಡಾಕ್ಟರ್: ನಾಯಿಗೂ ಇದಕ್ಕೂ ಸಂಬಂಧವಿಲ್ಲ. ಥಿಯೋಡೋರ್ ಶ್ವಾನ್ ಅಂತ ಜರ್ಮನಿಯ ವಿಜ್ಞಾನಿ, ನರದ ಹೊದಿಕೆಯ ಕಣಗಳಿಗೆ ಅವರ ಹೆಸರು. ಆ ಕಣಗಳಿಂದ ಹುಟ್ಟುವ ಗಡ್ಡೆಯೇ ಶ್ವಾನೋಮಾ. ಉಳಿದವರು ಸ್ವಲ್ಪ ತಡೀರಿ. ಸಿಂಧನೂರು ಅಕ್ಕ, ಮಂದ ಆಗಿರುವುದು ಬಲಗಿವಿ ಮಾತ್ರವಾ? ಕಿವಿಯಲ್ಲಿ ಗುಂಯ್ ಸದ್ದು ಇದೆಯಾ? ಕತ್ತಲಲ್ಲಿ ನಡೆಯುವಾಗ ವಾಲುತ್ತಾರಾ? ಮನೆಯಲ್ಲಿ ಬೇರೆ ಯಾರಿಗಾದರೂ ಚಿಕ್ಕ ವಯಸ್ಸಿಗೇ ಕಿವಿ ಹೋಗಿದೆಯಾ?

ಸಿಂಧನೂರು ಅಕ್ಕ: ಬಲಗಿವಿ ಸರ್. ಗುಂಯ್ ಅನ್ನುತ್ತದೆ ಅಂತಾನೆ. ರಾತ್ರಿ ಬಯಲಿಗೆ ಹೋಗುವಾಗ ಗೋಡೆ ಹಿಡಿಯುತ್ತಾನೆ. ಅಮ್ಮನಿಗೆ ಮೂವತ್ತೈದಕ್ಕೇ ಕಿವಿ ಹೋಯಿತು. ತಲೆಯಲ್ಲಿ ಗಂಟು ಅಂದಿದ್ದರು. ತೀರಿ ಹತ್ತು ವರ್ಷ ಆಯಿತು.

ಕಂಪ್ಲಿ ಕಾಕಾ: ಅಕ್ಕಾರೇ ಹೆದರಬೇಡಿ. ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಬಿಸಿ ಮಾಡಿ ಕಟ್ಟಿ. ಮೇಲೆ ಉಪ್ಪಿನ ಗಂಟಿನ ಶಾಖ. ಜೊತೆಗೆ ಒಬ್ಬರು ಪುಡಿ ಕೊಡುತ್ತಾರೆ, ನಮ್ಮ ಮಾವ ಎರಡೇ ದಿನಕ್ಕೆ ಎದ್ದು ಹೊಲಕ್ಕೆ ಹೋದರು. ನಂಬರ್ ಬೇಕಾದರೆ ಪರ್ಸನಲ್ ಮೆಸೇಜ್ ಮಾಡಿ.

ಡಾಕ್ಟರ್: ಕಾಕಾ, ಒಂದು ನಿಮಿಷ ಸುಮ್ಮನಿರಿ. ಅಕ್ಕ, ಇದು ಮತ್ತೆ ಬಂದ ಗಡ್ಡೆಯಲ್ಲ ಅಂತ ನನಗೆ ಅನ್ನಿಸುತ್ತಿದೆ. ಮತ್ತೆ ಬರುವುದು ಅಂದರೆ ತೆಗೆದ ಜಾಗದಲ್ಲೇ ಬರುವುದು. ನರ ಉಳಿಸಲು ಸಿಪ್ಪೆಯ ಚೂರು ಬಿಟ್ಟಿದ್ದರೆ, ಅಥವಾ ಡಂಬೆಲ್ ಆಕಾರದ ಗಡ್ಡೆ ಮೂಳೆಯ ಸಂದಿಯಿಂದ ಹೊರಗೆ ಚಾಚಿ ಆ ತುದಿ ಉಳಿದಿದ್ದರೆ ಹಾಗಾಗುತ್ತದೆ. ನಿಮ್ಮ ತಮ್ಮನಿಗೆ ಕುತ್ತಿಗೆ, ಸೊಂಟ, ಬೆನ್ನು, ಮೂರೂ ಬೇರೆ ಬೇರೆ ಜಾಗ. ಹಾಗಾಗಿ ಮೊದಲಿನವರು ತಪ್ಪು ಮಾಡಿದ್ದಾರೆ ಅಂತ ಇಲ್ಲಿಂದ ಹೇಳಲು ಬರುವುದಿಲ್ಲ. ಸಾಮಾನ್ಯವಾಗಿ ಒಬ್ಬರಿಗೆ ಒಂದೇ ಶ್ವಾನೋಮಾ ಬರುತ್ತದೆ, ತೆಗೆದರೆ ಮುಗಿಯಿತು. 30 ದಾಟುವ ಮೊದಲೇ ಮೂರು ಬಂದು, ಒಂದು ಕಿವಿಯೂ ಮಂದ, ತಾಯಿಗೂ ಹಾಗೇ ಅಂದರೆ ನನ್ನ ತಲೆಗೆ ಬರುವುದು ಎನ್‌ಎಫ್2 ಅನ್ನುವ ವಂಶವಾಹಿ ಕಾಯಿಲೆ. 22ನೇ ಕ್ರೋಮೋಸೋಮಿನಲ್ಲಿ ಗಡ್ಡೆಗೆ ಕಡಿವಾಣ ಹಾಕುವ ಒಂದು ಜೀನ್ ಇದೆ, ಅದು ಕೆಟ್ಟಿರುತ್ತದೆ. ಕಿವಿಗೆ ಹೋಗುವ ನರದ ಮೇಲೆ, ಬಹಳ ಸಲ ಎರಡೂ ಕಡೆ, ಗಡ್ಡೆ ಕೂರುತ್ತದೆ. ಮಿಲ್ ಸದ್ದಿಗೆ ಕೆಡುವ ಕಿವಿ ಹೆಚ್ಚಾಗಿ ಎರಡೂ ಒಟ್ಟಿಗೇ ಕೆಡುತ್ತದೆ, ಒಂದೇ ಅಲ್ಲ.

ಆದ್ದರಿಂದ ಬೆನ್ನಿನ ಎಂಆರ್‌ಐ ಒಂದೇ ಸಾಲದು. ತಲೆ ಮತ್ತು ಪೂರ್ತಿ ಬೆನ್ನುಹುರಿಗೆ ಕಾಂಟ್ರಾಸ್ಟ್ ಹಾಕಿ ಎಂಆರ್‌ಐ, ಕಿವಿ ಎಷ್ಟು ಕೇಳುತ್ತದೆ ಅಂತ ನೋಡುವ ಆಡಿಯೋಗ್ರಾಂ, ಕಣ್ಣಿನ ಪರೀಕ್ಷೆ. ಚಿಕ್ಕ ವಯಸ್ಸಿಗೇ ಕಣ್ಣಿನ ಪೊರೆ ಬಂದಿದ್ದರೆ ಅದೂ ಒಂದು ಸುಳಿವು. ಹಳೆಯ ಎರಡೂ ಪೆಥಾಲಜಿ ರಿಪೋರ್ಟ್ ಹುಡುಕಿ ಇಡಿ. ಒಂದು ಮಾತು ನೆನಪಿಡಿ, ಇದರಲ್ಲಿ ಕಂಡ ಗಡ್ಡೆಯನ್ನೆಲ್ಲ ತೆಗೆಯುವುದಿಲ್ಲ. ತೊಂದರೆ ಕೊಡುವುದನ್ನು, ಹುರಿಯನ್ನು ಒತ್ತುವುದನ್ನು ಮಾತ್ರ ತೆಗೆದು ಉಳಿದವನ್ನು ಕಾಯುತ್ತೇವೆ. ಈ ಕಾಯಿಲೆ ಇರುವವರಿಗೆ ರೇಡಿಯೇಷನ್ ಕೊಡಲೂ ಕೈ ಹಿಂಜರಿಯುತ್ತದೆ. ನಿಮ್ಹಾನ್ಸ್‌ನಂಥ ಕಡೆ ಒಂದೇ ಸೂರಿನಡಿ ಎಲ್ಲ ನೋಡುತ್ತಾರೆ. ಕಾಲಿನ ಬಲ ಹೇಗಿದೆ, ಮೂತ್ರ ಸಲೀಸಾಗಿ ಹೋಗುತ್ತದಾ ಅಂತ ಈಗಲೇ ಕೇಳಿ ಹೇಳಿ.

ರಾಯಚೂರು ಥರ್ಮಲ್: ಸರ್ ನನಗೂ ಡಿ11, ಅಂದರೆ ಬೆನ್ನಿನ ಹನ್ನೊಂದನೇ ಮೂಳೆಯಲ್ಲಿ ಹೆಮಾಂಜಿಯೋಮಾ ಇದೆ, ಏನು ಮಾಡಬೇಕು?

ಡಾಕ್ಟರ್: ಮೇಲೆ ಕೊಪ್ಪಳದವರಿಗೆ ಹೇಳಿದ್ದೇನೆ.

ಗಂಗಾವತಿ ಫಾರ್ಮ್: ಆಯುಷ್ಮಾನ್ ಕಾರ್ಡಿಗೆ ಎರಡನೇ ಆಪರೇಷನ್ ಆಗುತ್ತದಾ ಸರ್? ಸೈಬರ್‌ನೈಫ್ ರೇಡಿಯೇಷನ್‌ಗೂ?

ಕಂಪ್ಲಿ ಕಾಕಾ: ನನ್ನ ಪುಡಿ ಬಗ್ಗೆ ಡಾಕ್ಟ್ರು ಏನೂ ಹೇಳಲಿಲ್ಲ. ಆಪರೇಷನ್ ಇಲ್ಲದೆ ವಾಸಿಯಾದರೆ ಇವರಿಗೇನು ಲಾಭ ಹೇಳಿ.

ಡಾಕ್ಟರ್: ಹೇಳುತ್ತೇನೆ. ಎರಡೇ ದಿನಕ್ಕೆ ನೋವು ಮಾಯ ಆಗುವ ಪುಡಿಯಲ್ಲಿ ಬಹಳ ಸಲ ಸ್ಟೀರಾಯ್ಡ್ ಇರುತ್ತದೆ. ನಾವೂ ಅದನ್ನು ಕೊಡುತ್ತೇವೆ, ಲೆಕ್ಕ ಇಟ್ಟು, ಸ್ವಲ್ಪ ದಿನ. ಅದು ಗಡ್ಡೆಯ ಸುತ್ತಲಿನ ಊತ ಇಳಿಸುತ್ತದೆ, ಗಡ್ಡೆ ಹಾಗೇ ಇರುತ್ತದೆ. ತಿಂಗಳುಗಟ್ಟಲೆ ತಿಂದರೆ ಸಕ್ಕರೆ ಏರುತ್ತದೆ, ಸೊಂಟದ ಕೀಲು ಸಾಯುತ್ತದೆ. ತಿನ್ನುತ್ತಿರುವವರು ಥಟ್ಟನೆ ನಿಲ್ಲಿಸಲೂ ಬೇಡಿ, ಬಿಪಿ ಬಿದ್ದು ಪ್ರಾಣಕ್ಕೆ ಬರುತ್ತದೆ. ಡಾಕ್ಟರಿಗೆ ತೋರಿಸಿ ಇಳಿಸಿಕೊಳ್ಳಿ. ಇನ್ನು ಉಪ್ಪಿನ ಶಾಖ. ಗಡ್ಡೆ ಇದ್ದವರಿಗೆ ಚರ್ಮ ಜೋಮು ಹಿಡಿದಿರಬಹುದು, ಆಗ ಸುಟ್ಟರೂ ಗೊತ್ತಾಗುವುದಿಲ್ಲ. ಹೋದ ತಿಂಗಳು ಒಬ್ಬರ ಬೆನ್ನಿನ ಮೇಲೆ ಅಂಗೈ ಅಗಲದ ಬೊಬ್ಬೆ ನೋಡಿದೆ. ಅದು ಮಾಯುವ ತನಕ ಆಪರೇಷನ್ ಮುಂದಕ್ಕೆ ಹಾಕಬೇಕಾಯಿತು.

ಸಿರುಗುಪ್ಪ ಸ್ಟೋರ್: ಕಾಕಾ ಆ ಪುಡಿ ನಮ್ಮ ಅತ್ತೆಯೂ ತಿಂದರು, ಮುಖ ಚಂದ್ರನ ಹಾಗೆ ಉಬ್ಬಿತು.

ಕಂಪ್ಲಿ ಕಾಕಾ: ನಿಮ್ಮತ್ತೆ ಮಿರ್ಚಿ ಮಂಡಕ್ಕಿ ತಿಂದು ಉಬ್ಬಿರಬೇಕು.

ಸಿರುಗುಪ್ಪ ಸ್ಟೋರ್: ಮಾತು ಸರಿ ಇರಲಿ ಕಾಕಾ. ವಯಸ್ಸಿಗೆ ಮರ್ಯಾದೆ ಕೊಡುತ್ತಿದ್ದೇನೆ.

ಮಾನ್ವಿ ಮೇಷ್ಟ್ರು: ಅಲ್ಲಿ ಆ ಹೆಣ್ಣುಮಗಳು ಕಷ್ಟ ಹೇಳಿಕೊಳ್ಳುತ್ತಿದ್ದಾಳೆ, ಇಲ್ಲಿ ನಿಮ್ಮದೇನು?

ಗಂಗಾವತಿ ಫಾರ್ಮ್: ಆಯುಷ್ಮಾನ್?

ಹೊಸ ಸದಸ್ಯ: ಬೆನ್ನು ಮುಟ್ಟಿದರೆ ಲಕ್ವ ಹೊಡೆಯುತ್ತದಂತೆ, ಕತ್ತರಿ ತಾಗಿದರೆ ಗಡ್ಡೆ ಕ್ಯಾನ್ಸರ್ ಆಗುತ್ತದಂತೆ, ನಿಜವಾ?

ಡಾಕ್ಟರ್: ಕತ್ತರಿಯಿಂದ ಕ್ಯಾನ್ಸರ್ ಆಗುವುದಿಲ್ಲ. ಲಕ್ವದ ಅಪಾಯ ಇದೆ, ಎರಡನೇ ಸಲ ಇನ್ನೂ ಜಾಸ್ತಿ, ಹಳೆ ಗಾಯದಲ್ಲಿ ಎಲ್ಲ ಅಂಟಿಕೊಂಡಿರುತ್ತದೆ. ಅದಕ್ಕೇ ಆಪರೇಷನ್ ನಡೆಯುವಾಗಲೇ ನರದ ಸಂಕೇತ ನೋಡುವ ಯಂತ್ರ ಇಟ್ಟುಕೊಳ್ಳುತ್ತೇವೆ. ಆದರೆ ಗಡ್ಡೆ ಹುರಿಯನ್ನು ಒತ್ತುತ್ತಿರುವಾಗ ಸುಮ್ನೆ ಕೂತರೂ ಲಕ್ವವೇ.

ಸಿಂಧನೂರು ಅಕ್ಕ: ಕಾಲು ಗಟ್ಟಿ ಇದೆ ಸರ್, ಮೂತ್ರಕ್ಕೂ ತೊಂದರೆ ಇಲ್ಲ. ವಂಶದ್ದು ಅಂದಿರಿ. ನನಗೆ ಇಬ್ಬರು ಮಕ್ಕಳು.

ಡಾಕ್ಟರ್: ಗೊತ್ತು, ಅದನ್ನೇ ಬರೆಯುತ್ತಿದ್ದೆ. ಅಮ್ಮನಿಗೆ ಇದ್ದದ್ದು ಅದೇ ಆದರೆ ನಿಮಗೂ ಇರುವ ಸಾಧ್ಯತೆ ಅರ್ಧಕ್ಕರ್ಧ. ಮೊದಲು ತಮ್ಮನ ರಕ್ತದಲ್ಲಿ ಜೀನ್ ಪರೀಕ್ಷೆ. ಅಲ್ಲಿ ದೋಷ ಸಿಕ್ಕರೆ ಅದೇ ದೋಷ ನಿಮ್ಮಲ್ಲಿದೆಯಾ ಅಂತ ನೋಡುತ್ತಾರೆ. ನಿಮ್ಮಲ್ಲಿ ಇಲ್ಲ ಅಂದರೆ ಮಕ್ಕಳನ್ನು ಪರೀಕ್ಷೆ ಮಾಡಿಸುವ ಪ್ರಶ್ನೆಯೇ ಇಲ್ಲ. ಮಕ್ಕಳಿಂದ ಶುರು ಮಾಡಬೇಡಿ. ತಮ್ಮನಿಗೆ ಹೊಳೆ, ಕೆರೆಗೆ ಇಳಿಯಬೇಡ ಅನ್ನಿ, ನೀರೊಳಗೆ ದಿಕ್ಕು ತಪ್ಪುತ್ತದೆ. ಮೂತ್ರ ಕಟ್ಟಿದರೆ, ತೊಡೆ ಸಂದಿ ಜೋಮು ಹಿಡಿದರೆ, ಕಾಲು ಸೋತರೆ ಅಪಾಯಿಂಟ್‌ಮೆಂಟ್ ನೋಡದೆ ಅವತ್ತೇ ದೊಡ್ಡಾಸ್ಪತ್ರೆಗೆ.

ಕಂಪ್ಲಿ ಕಾಕಾ: ಬೆಂಗಳೂರಿಗೆ ಹೋಗಿ ಹಣ ಸುರಿಯಿರಿ ಹಾಗಾದರೆ.

ಡಾಕ್ಟರ್: ಅಡ್ಮಿನ್, ಇವರು ಇದ್ದರೆ ನಾನು ಇರುವುದಿಲ್ಲ. ಎಮರ್ಜೆನ್ಸಿ ಕರೆ ಬಂದಿದೆ, ಹೊರಟೆ.

ಅಡ್ಮಿನ್: ಕಾಕಾ, ದಯವಿಟ್ಟು. ಡಾಕ್ಟ್ರೇ, ಧನ್ಯವಾದ.

ಮಾನ್ವಿ ಮೇಷ್ಟ್ರು: ಗಂಗಾವತಿಯವರೇ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಯಾವ ಆಪರೇಷನ್ ಸೇರುತ್ತದೆ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ.

ಸಿಂಧನೂರು ಅಕ್ಕ: ಈಗ ತಮ್ಮನಿಗೆ ಫೋನ್ ಮಾಡಿದ್ದೆ. ಒಂದು ಸಲ ಬಲಗಿವಿಗೆ ಹಿಡಿಯೋ ಅಂದೆ. ನಾನು ಹೆಸರು ಹಿಡಿದು ಕೂಗುತ್ತಲೇ ಇದ್ದೆ, ಅವನು ಹಲೋ, ಹಲೋ ಅನ್ನುತ್ತಲೇ ಇದ್ದ.

ರಾಯಚೂರು ಥರ್ಮಲ್: ಸರ್ ನನ್ನದು ಡಿ11, ಅವರದು ಎಲ್2. ಎರಡೂ ಒಂದೇನಾ?