ಅಜ್ಜಿಯ ಭರಣಿ, ಕಿನ್ನಿಗೋಳಿಯ ಎರಡು ಎಕರೆ: ನಮ್ಮಲ್ಲಿ ಮನೆತನದ ವೈನರಿ ಸಾಧ್ಯ ಉಂಟಾ?

ಕುಲಶೇಖರದ ಮೊಮ್ಮಗಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಮನೆಯಲ್ಲಿ ಕ್ರಿಸ್ಮಸ್ ವೈನ್ ಮಾಡುತ್ತಿದ್ದದ್ದು ಅಜ್ಜಿ. ನವೆಂಬರ್ 2ರ ಸತ್ತವರ ದಿನ ಕಳೆದ ಮರುದಿನವೇ 5 ಕಿಲೋ ಕಪ್ಪು ದ್ರಾಕ್ಷಿ ಮನೆಗೆ ಬರಬೇಕು. ಅದನ್ನು ತೊಳೆದು, ಬೈರಾಸಿನ ಮೇಲೆ ಹರಡಿ, ಒಂದು ಹನಿ ನೀರೂ ಉಳಿಯದ ಹಾಗೆ ಒರೆಸುವುದು. ತೊಟ್ಟು ಬಿಡಿಸಿ ದೊಡ್ಡ ಕಂದು ಭರಣಿಗೆ ಹಾಕಿ ಕೈಯಲ್ಲೇ ಹಿಚುಕುವುದು. ಸಕ್ಕರೆ, ಕುದಿಸಿ ಆರಿಸಿದ ನೀರು, ಒಂದು ಮುಷ್ಟಿ ಗೋಧಿ, ಯೀಸ್ಟ್, ನಾಲ್ಕು ಲವಂಗ, ಒಂದು ತುಂಡು ಚಕ್ಕೆ. ಬಾಯಿಗೆ ಬಟ್ಟೆ ಕಟ್ಟಿ 21 ದಿನ. ದಿನಕ್ಕೊಮ್ಮೆ ಮರದ ಸಟ್ಟುಗದಲ್ಲಿ ತಿರುಗಿಸಬೇಕು. ಆ ಸಟ್ಟುಗವನ್ನು ಸಾರಿಗೆ, ಪಲ್ಯಕ್ಕೆ ಯಾರೂ ಮುಟ್ಟುವ ಹಾಗಿಲ್ಲ. ಮೂರನೇ ದಿನ ಭರಣಿಗೆ ಕಿವಿ ಇಟ್ಟರೆ ಒಳಗೆ ಜಿರಿಜಿರಿ ಮಳೆ ಬಂದ ಹಾಗೆ ಸದ್ದು ಕೇಳುತ್ತಿತ್ತು. ನಾವು ಮಕ್ಕಳೆಲ್ಲ ಸಾಲು ನಿಂತು ಕೇಳುತ್ತಿದ್ದೆವು.

ಕಳೆದ ವರ್ಷ ಅಜ್ಜಿ ತೀರಿಕೊಂಡರು. ಭರಣಿ ನನಗೆ ಬಂತು. ಕಿನ್ನಿಗೋಳಿ ಹತ್ತಿರದ ಎರಡು ಎಕರೆ ಜಾಗ ನನಗೂ ದೊಡ್ಡಪ್ಪನ ಮಗನಿಗೂ ಒಟ್ಟಿಗೆ ಬಂತು. ಮುರಕಲ್ಲಿನ ಜಾಗ, ಈಗ ಅಲ್ಲಿ ಹಳೇ ಗೇರು ಮರಗಳು ಉಂಟು. ಅಣ್ಣನಿಗೆ ಒಂದೇ ಆಸೆ. ಗೇರು ಕಡಿದು ದ್ರಾಕ್ಷಿ ನೆಡೋಣ, ಅಜ್ಜಿ ಹೆಸರಲ್ಲಿ ಸಣ್ಣ ವೈನರಿ ಮಾಡೋಣ, ನಮ್ಮ ಮಕ್ಕಳು ಮುಂದುವರಿಸಲಿ ಅನ್ನುತ್ತಾನೆ. ಆಸೆ ನನಗೂ ಉಂಟು, ಸುಳ್ಳು ಹೇಳುವುದಿಲ್ಲ.

ಆದರೆ ಹೆದರಿಕೆಯೂ ಉಂಟು. ನಾಲ್ಕು ವರ್ಷದ ಹಿಂದೆ ಟೆರೇಸ್ ಮೇಲೆ ಒಂದು ದ್ರಾಕ್ಷಿ ಬಳ್ಳಿ ಹಬ್ಬಿಸಿದೆ. ಮೇ ತನಕ ಚೆಂದ ಇರುತ್ತದೆ. ಜೂನ್ ಬಂತು ಅಂದರೆ ಎಲೆಯ ಮೇಲೆ ಎಣ್ಣೆ ಬಿದ್ದ ಹಾಗೆ ಹಳದಿ ಕಲೆ, ಅಡಿಯಲ್ಲಿ ಬಿಳಿ ಬೂಜು, ಜುಲೈಗೆ ಬರೀ ಕಡ್ಡಿ. ಇಲ್ಲಿಯವರೆಗೆ ಸಿಕ್ಕಿದ್ದು ಎರಡು ಗೊಂಚಲು, ಎರಡೂ ಹುಳಿ.

ಗೊತ್ತಿರುವವರು ಹೇಳಿ. ನಮ್ಮ ಕರಾವಳಿಯಲ್ಲಿ ಇದು ಆಗುವ ಕೆಲಸವಾ? ತಲೆಮಾರಿನಿಂದ ತಲೆಮಾರಿಗೆ ದ್ರಾಕ್ಷಿತೋಟ, ವೈನರಿ ನಡೆಸಿದ ಮನೆಯವರು ಹೇಗೆ ನಡೆಸಿದರು?

ಕಾರ್ಕಳದ ತೋಟದಿಂದ:

ಅಕ್ಕ, ಮೊದಲು ಒಂದು ವಿನಂತಿ. ಗೇರು ಕಡಿಯಬೇಡಿ.

ನಿಮ್ಮ ಬಳ್ಳಿಗೆ ಬಂದದ್ದು ಡೌನಿ ರೋಗ. ನಮ್ಮ ಅಡಿಕೆಯ ಕೊಳೆರೋಗದ ಬಳಗದ್ದೇ. ಎರಡಕ್ಕೂ ಬೇಕಾದದ್ದು ಬಿಡದೆ ಸುರಿಯುವ ಮಳೆ, ಒದ್ದೆ ಗಾಳಿ. ನಮ್ಮಲ್ಲಿ ವರ್ಷಕ್ಕೆ 3,500 ಮಿ.ಮೀ. ಮೇಲೆ ಮಳೆ. ದ್ರಾಕ್ಷಿಗೆ ಹೆಸರಾದ ವಿಜಯಪುರದಲ್ಲಿ 600 ಮಿ.ಮೀ. ಆಸುಪಾಸು. ಅಲ್ಲಿಯವರು ಏಪ್ರಿಲ್‌ನಲ್ಲಿ ಒಂದು ಚಾಟ್ನಿ, ಅಕ್ಟೋಬರ್‌ನಲ್ಲಿ ಒಂದು ಚಾಟ್ನಿ ಮಾಡುತ್ತಾರೆ. ಚಾಟ್ನಿ ಅಂದರೆ ಬಳ್ಳಿ ಸವರುವುದು. ಎರಡನೇ ಚಾಟ್ನಿ ಆದ ಮೇಲೆ ಬಂದ ಹೂವು, ಕಾಯಿ ಚಳಿಗಾಲದ ಒಣ ಹವೆಯಲ್ಲಿ ಬೆಳೆದು ಜನವರಿಯಿಂದ ಮಾರ್ಚ್ ಒಳಗೆ ಹಣ್ಣಾಗುತ್ತದೆ. ನಮಗೆ ಅಕ್ಟೋಬರ್‌ನಲ್ಲೂ ಸಂಜೆ ಗುಡುಗು ಮಳೆ. ರಾತ್ರಿ ತಂಪು ಸಾಲದು. ಎರಡು ಎಕರೆಗೆ ಮದ್ದು ಬಿಟ್ಟು ಬಿಟ್ಟು ಸೋತು ಹೋಗುತ್ತೀರಿ.

ಮದ್ದಿನ ಮಾತು ಬಂದ ಕಾರಣ ಇದನ್ನು ಹೇಳಲೇಬೇಕು. ನಾವು ಪ್ರತಿ ಮಳೆಗಾಲ ಅಡಿಕೆ ಗೊನೆಗೆ ಬಿಡುವ ಬೋರ್ಡೋ ದ್ರಾವಣ ಹುಟ್ಟಿದ್ದೇ ದ್ರಾಕ್ಷಿತೋಟದಲ್ಲಿ. ಫ್ರಾನ್ಸಿನ ಬೋರ್ಡೋ ಕಡೆ ದಾರಿಬದಿಯ ದ್ರಾಕ್ಷಿಯನ್ನು ಹೋಗುವವರು ಬರುವವರು ಕಿತ್ತು ತಿನ್ನುತ್ತಿದ್ದರು. ತೋಟದವರು ಮೈಲುತುತ್ತು, ಸುಣ್ಣ ಕಲಸಿ ಅಂಚಿನ ಸಾಲುಗಳಿಗೆ ಎರಚಿದರು. ನೀಲಿ ಬಣ್ಣ ಕಂಡರೆ ಯಾರೂ ಬಾಯಿಗೆ ಹಾಕುವುದಿಲ್ಲ, ಅಲ್ವಾ? 1882ರಲ್ಲಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರದ ಪ್ರೊಫೆಸರ್ ಆ ದಾರಿಯಲ್ಲಿ ಹೋಗುವಾಗ ನೋಡಿದರೆ, ತೋಟದ ಒಳಗಿನ ಬಳ್ಳಿಗಳ ಎಲೆ ಡೌನಿಗೆ ಉದುರಿದೆ, ದಾರಿಬದಿಯದ್ದು ಮಾತ್ರ ಹಸಿರಾಗಿ ನಿಂತಿದೆ. ಅವರು ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. ಮೈಸೂರು ಸರ್ಕಾರದಲ್ಲಿದ್ದ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಅದೇ ಮದ್ದನ್ನು ಅಡಿಕೆ ಕೊಳೆರೋಗಕ್ಕೆ ತಂದರು. ನನ್ನ ಅಜ್ಜ, ಅಪ್ಪ, ಈಗ ನಾನು, ಮೂರು ತಲೆ ಬದುಕಿದ್ದು ಆ ಮದ್ದಿನಿಂದ. ಆ ಋಣ ದ್ರಾಕ್ಷಿಯದ್ದು.

ಟೆರೇಸಿನ ಒಂದು ಬಳ್ಳಿಯನ್ನು ಉಳಿಸಿಕೊಳ್ಳಬಹುದು. 10 ಲೀಟರ್ ನೀರಿಗೆ 100 ಗ್ರಾಂ ಮೈಲುತುತ್ತು, 100 ಗ್ರಾಂ ಸುಣ್ಣ. ಬೇರೆ ಬೇರೆ ಪ್ಲಾಸ್ಟಿಕ್ ಬಕೆಟಿನಲ್ಲಿ ಕರಗಿಸಿ ಆಮೇಲೆ ಸೇರಿಸಿ, ಕಬ್ಬಿಣದ ಪಾತ್ರೆ ಬೇಡ. ಮಳೆ ಹಿಡಿಯುವ ಮೊದಲೇ ಎಲೆಯ ಅಡಿಗೂ ತಾಗುವ ಹಾಗೆ ಬಿಡಿ. ಎರಡು ಎಕರೆಗೆ ಮಾತ್ರ ನನ್ನ ಉತ್ತರ ಬೇಡ.

ಬಿಜೈಯ ಹಳೇ ಸ್ಟೋರ್‌ಕೀಪರ್:

ಮಗಳೇ, ನಿನ್ನ ಪ್ರಶ್ನೆ ಎರಡು ಸಲ ಓದಿದೆ. ಭರಣಿಯ ಒಳಗಿನ ಆ ಸದ್ದು ನನಗೂ ಗೊತ್ತು.

ತೋಟದವರು ಹೇಳಿದ್ದು ಸರಿ. ಆದರೆ ದ್ರಾಕ್ಷಿ ಇಲ್ಲಿ ಬೆಳೆಯುವುದಿಲ್ಲ ಅಂದ ಮಾತ್ರಕ್ಕೆ ವೈನ್ ಇಲ್ಲಿ ಆಗುವುದಿಲ್ಲ ಅಂತ ಅಲ್ಲ. ಅದನ್ನು ಹೇಳಲಿಕ್ಕೇ ಬರೆಯುತ್ತಿದ್ದೇನೆ.

ನಾನು ದುಬೈಯ ಒಂದು ಹೋಟೆಲಿನ ಸ್ಟೋರ್‌ನಲ್ಲಿ 19 ವರ್ಷ ಇದ್ದೆ. ವೈನ್ ಬಾಟ್ಲಿ ಇಳಿಸುವುದು, ಮಲಗಿಸಿ ಇಡುವುದು, ಲೆಕ್ಕ ಬರೆಯುವುದು ನನ್ನ ಕೆಲಸ. ನನ್ನ ಜೊತೆ ಲೆಬನಾನಿನ ಒಬ್ಬ ಇದ್ದ, ಬೆಕಾ ಕಣಿವೆಯ ಝಹ್ಲೆಯವನು. ಅವನ ತಂಗಿಯ ಮದುವೆಗೆ ನನ್ನನ್ನೂ ಕರೆದುಕೊಂಡು ಹೋಗಿದ್ದ. ಆಗ ಬೆಕಾದ ದ್ರಾಕ್ಷಿತೋಟ ನೋಡಿದೆ. ಚಪ್ಪರ ಇಲ್ಲ, ತಂತಿ ಇಲ್ಲ. ಹಳೇ ಬಳ್ಳಿಗಳು ನಮ್ಮ ಬದನೆ ಗಿಡದ ಹಾಗೆ ಮೊಣಕಾಲೆತ್ತರದ ಪೊದೆ. ಕೆಳಗೆ ಬರೀ ಕಲ್ಲು. ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರ. ಹಗಲು ಸುಡುವ ಬಿಸಿಲು, ರಾತ್ರಿ ಸ್ವೆಟರ್ ಬೇಕು. ಬೇಸಿಗೆ ಇಡೀ ಮಳೆ ಇಲ್ಲ.

ಅಲ್ಲಿಯ ಒಂದು ಮನೆತನದ ಕಥೆ ನಿನಗೆ ಹೇಳಬೇಕು. ಹೋಷಾರ್ ಕುಟುಂಬ, ಶಾಟೊ ಮೂಸಾರ್ ಅಂತ ಅವರ ವೈನ್. ಗ್ಯಾಸ್ಟನ್ ಹೋಷಾರ್ ಎಂಬವರು 1930ರಲ್ಲಿ ಶುರು ಮಾಡಿದರು. ತೋಟ ಇರುವುದು ಬೆಕಾದಲ್ಲಿ. ವೈನರಿ ಮಾತ್ರ ಘಝೀರ್‌ನಲ್ಲಿ, ಬೈರೂತಿನಿಂದ ಉತ್ತರಕ್ಕೆ, ಕೆಳಗೆ ಸಮುದ್ರ ಕಾಣುವ ಕಡೆ. ನಡುವೆ ಇಡೀ ಲೆಬನಾನ್ ಬೆಟ್ಟದ ಸಾಲು. ಪ್ರತಿ ಕೊಯ್ಲಿಗೂ ದ್ರಾಕ್ಷಿ ಲಾರಿಯಲ್ಲಿ ಬೆಟ್ಟ ಹತ್ತಿ ಇಳಿದು ಬರಬೇಕು. ನಮಗೆ ಶಿರಾಡಿ ಘಾಟಿ ಇದ್ದ ಹಾಗೆ. ಇದನ್ನು ಅಲ್ಲಿ ನಿಂತು ನೋಡಿದಾಗ ನನಗೆ ಊರಿನದ್ದೇ ನೆನಪಾಯಿತು. ಆಚೆ ಹಾಸನ, ಈಚೆ ಮಂಗಳೂರು.

1959ರಿಂದ ದೊಡ್ಡ ಮಗ ಸೆರ್ಜ್ ವೈನ್ ಮಾಡಲಿಕ್ಕೆ ನಿಂತರು. ಬೋರ್ಡೋದಲ್ಲಿ ಕಲಿತವರು. ತಮ್ಮ ರೊನಾಲ್ಡ್ ಸ್ವಲ್ಪ ವರ್ಷದಲ್ಲೇ ಸೇರಿಕೊಂಡು ಹಣಕಾಸು, ಮಾರಾಟ ನೋಡಿಕೊಂಡರು. 1975ರಲ್ಲಿ ಅಂತರ್ಯುದ್ಧ ಶುರು, 1990ರ ತನಕ. ಊರಲ್ಲಿ ಕೊಳ್ಳುವವರು ಇಲ್ಲದಂತಾಯಿತು. ಸೆರ್ಜ್ ಬಾಟ್ಲಿ ಹಿಡಿದುಕೊಂಡು ಇಂಗ್ಲೆಂಡಿಗೆ ಹೋದರು, 1979ರಲ್ಲಿ ಬ್ರಿಸ್ಟಲ್ ವೈನ್ ಮೇಳದಲ್ಲಿ ಹೆಸರಾಯಿತು. 15 ವರ್ಷದ ಯುದ್ಧದಲ್ಲಿ ಕೊಯ್ಲು ನಿಲ್ಲಿಸಲಿಲ್ಲ. 1976ರಲ್ಲಿ ಮಾತ್ರ ವೈನ್ ಆಗಲೇ ಇಲ್ಲ. 1984ರಲ್ಲಿ ದಾರಿ ಬಂದ್ ಆಗಿ ಲಾರಿಗಳು ಸುತ್ತಿ ಬಳಸಿ ಬರುವಷ್ಟರಲ್ಲಿ ದ್ರಾಕ್ಷಿ ಲಾರಿಯಲ್ಲೇ ಹುಳಿಯಲಿಕ್ಕೆ ಶುರುವಾಗಿತ್ತು. ನಿನ್ನ ಅಜ್ಜಿಯ ಭರಣಿಯ ಆ ಜಿರಿಜಿರಿ ಸದ್ದು ಲಾರಿ ತುಂಬ ಕೇಳಿದರೆ ಹೇಗಿರಬೇಕು, ಯೋಚಿಸು.

ಇನ್ನೊಂದು ವಿಷಯ ನಿನ್ನ ಅಣ್ಣನಿಗೆ ಓದಿ ಹೇಳು. ಅವರ ಕೆಂಪು ವೈನ್ ಕೊಯ್ಲಾಗಿ ಸುಮಾರು ಏಳು ವರ್ಷ ಕಳೆದ ಮೇಲೆ ಅಂಗಡಿಗೆ ಬರುತ್ತದೆ. ಈ ವರ್ಷ ಹಾಕಿದ ದುಡ್ಡು ಏಳು ವರ್ಷ ನೆಲಮಾಳಿಗೆಯಲ್ಲಿ ಮಲಗಿರುತ್ತದೆ. ಅಷ್ಟು ವರ್ಷ ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಇರಬೇಕು.

ಇದನ್ನು ಒತ್ತಿ ಹೇಳಲಿಕ್ಕೆ ಕಾರಣ ಉಂಟು. ನನ್ನ ಅಜ್ಜ ಒಂದು ಬೇಕರಿ ಇಟ್ಟಿದ್ದರು. ಅಪ್ಪನ ಕಾಲಕ್ಕೆ ಚೆನ್ನಾಗಿ ನಡೆಯಿತು. ನಮ್ಮ ಕಾಲಕ್ಕೆ ಒಂಬತ್ತು ಜನ ಪಾಲುದಾರರು. ಯಾರು ಒಲೆ ಹತ್ತಿರ ನಿಲ್ಲುವುದು, ಯಾರು ಗಲ್ಲಾದಲ್ಲಿ ಕೂರುವುದು ಅಂತ ಯಾರೂ ಬಾಯಿಬಿಟ್ಟು ಮಾತಾಡಲಿಲ್ಲ. ಒಳ್ಳೆಯ ವ್ಯಾಪಾರ ಇದ್ದ ಬೇಕರಿ ಮುಚ್ಚಿತು. ಹಿಟ್ಟು ನಾದುತ್ತಿದ್ದ ಮರದ ಮೇಜು ಈಗ ನನ್ನ ಮನೆಯ ಹಿಂದಿನ ಕೋಣೆಯಲ್ಲಿ ಉಂಟು. ದ್ರಾಕ್ಷಿ ಎಲ್ಲಿಂದ ಅನ್ನುವುದು ಆಮೇಲಿನ ಮಾತು. ನೀನು, ಅಣ್ಣ ಮೊದಲು ಕೂತು ಯಾರ ಕೆಲಸ ಏನು, ಪಾಲು ಎಷ್ಟು, ಒಬ್ಬರು ಬಿಟ್ಟು ಹೋದರೆ ಹೇಗೆ ಅಂತ ಕಾಗದದ ಮೇಲೆ ಬರೆಯಿರಿ.

ನಮ್ಮ ರಾಜ್ಯದ್ದೇ ಕೇಳುವುದಾದರೆ ನಂದಿ ಬೆಟ್ಟದ ಹತ್ತಿರ ಗ್ರೋವರ್ ಅವರದ್ದು ಉಂಟು. ಕನ್ವಲ್ ಗ್ರೋವರ್ ವ್ಯಾಪಾರಕ್ಕೆ ಫ್ರಾನ್ಸಿಗೆ ಓಡಾಡುತ್ತಿದ್ದವರು. ಶಾಂಪೇನ್ ಕಡೆಯ ವೈನ್ ತಯಾರಕ ಜಾರ್ಜ್ ವೆಸ್ಸೆಲ್ ಅವರನ್ನು ಕರೆತಂದು, ಫ್ರಾನ್ಸಿನ ತಳಿಗಳನ್ನು ವರ್ಷಗಟ್ಟಲೆ ಇಲ್ಲಿಯ ಮಣ್ಣಿನಲ್ಲಿ ನೆಟ್ಟು ನೋಡಿ, 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ತೋಟ ಮಾಡಿದರು. ಮೊದಲ ವೈನ್ 1992ರಲ್ಲಿ. ಮಗ ಕಪಿಲ್ ಮುಂದುವರಿಸಿದರು, ಮೊಮ್ಮಗಳು ಕ್ಯಾಲಿಫೋರ್ನಿಯಾದಲ್ಲಿ ವೈನ್ ಮಾಡುವುದನ್ನೇ ಓದಿ ಬಂದರು. 2012ರಲ್ಲಿ ನಾಸಿಕ್ ಕಡೆಯ ವೈನರಿ ಜೊತೆ ಸೇರಿ ಗ್ರೋವರ್ ಝಂಪಾ ಆಯಿತು. ರಾಜ್ಯ ಸರ್ಕಾರ ವೈನ್ ನೀತಿ ತಂದದ್ದು 2007ರಲ್ಲಿ. ಅಂದರೆ ಅವರು ನೆಟ್ಟು 19 ವರ್ಷ ಆದ ಮೇಲೆ.

ಕುಲಶೇಖರದ ಮೊಮ್ಮಗಳು:

ಅಂಕಲ್, ಅಣ್ಣನಿಗೆ ಫೋನಿನಲ್ಲಿ ಪೂರ್ತಿ ಓದಿ ಹೇಳಿದೆ. ಏಳು ವರ್ಷದ ಮಾತು ಬಂದಾಗ ಅವನು ಮಾತೇ ಆಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಘಾಟಿ ಆಚೆಯಿಂದ ದ್ರಾಕ್ಷಿ ತಂದರೆ ಅಜ್ಜಿಯ ವೈನೇ ಆಗ್ತದಾ?" ಅಂತ ಕೇಳಿದ. ಅಜ್ಜಿಯೂ ಘಾಟಿ ಆಚೆಯ ದ್ರಾಕ್ಷಿಯಲ್ಲೇ ಮಾಡಿದ್ದು, ಮಾರ್ಕೆಟ್ಟಿಗೆ ಮತ್ತೆಲ್ಲಿಂದ ಬರಬೇಕು ಅಂದೆ. ನಮಗೆ ಇಬ್ಬರಿಗೂ ಇದು ಇಷ್ಟು ದಿನ ಹೊಳೆದಿರಲಿಲ್ಲ.

ತೋಟದಣ್ಣ, ಗೇರು ಕಡಿಯುವುದಿಲ್ಲ. ಅದು ತೀರ್ಮಾನ ಆಯ್ತು.

ಇನ್ನೊಂದು ಸಣ್ಣ ಪ್ರಶ್ನೆ. ಅಜ್ಜಿ 5 ಕಿಲೋ ದ್ರಾಕ್ಷಿಗೆ ಹತ್ತಿರ ಹತ್ತಿರ 4 ಕಿಲೋ ಸಕ್ಕರೆ ಹಾಕುತ್ತಿದ್ದರು. ಅಷ್ಟು ಜಾಸ್ತಿ ಯಾಕೆ?

ಬಿಜೈಯ ಹಳೇ ಸ್ಟೋರ್‌ಕೀಪರ್:

ಅಜ್ಜಿ ಬಳಸಿದ್ದು ಬೆಂಗಳೂರು ನೀಲಿ ಇರಬೇಕು. ದಪ್ಪ ಸಿಪ್ಪೆ, ಒಳಗೆ ಬೀಜ, ಹಿಸುಕಿದರೆ ತಿರುಳು ಉಂಡೆಯಾಗಿ ಹೊರಗೆ ಹಾರುತ್ತದೆ, ಅದೇ ತಾನೇ? ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆಯ ಬೆಳೆ. 2013ರಲ್ಲಿ ಅದಕ್ಕೆ ಜಿಐ, ಅಂದರೆ ಊರಿನ ಹೆಸರಿಗೆ ಸಿಗುವ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಪರಿಮಳ ಜಾಸ್ತಿ, ಹುಳಿಯೂ ಜಾಸ್ತಿ, ಸಿಹಿ ಮಾತ್ರ ವೈನಿಗೆಂದೇ ಬೆಳೆಯುವ ದ್ರಾಕ್ಷಿಯಷ್ಟು ಇಲ್ಲ. ಯೀಸ್ಟ್ ಸಕ್ಕರೆಯನ್ನು ತಿಂದೇ ಅಮಲು ಆಗುವುದು. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಯೀಸ್ಟ್ ತಿಂದರೆ ಒಂದು ಶೇಕಡಾ ಅಮಲು. ಅಜ್ಜಿ ನೀರೂ ಹಾಕುತ್ತಿದ್ದರಲ್ಲ, ಅದಕ್ಕೆ ಇನ್ನಷ್ಟು ಬೇಕು. ತಿಂದು ಉಳಿದದ್ದು ಸಿಹಿಯಾಗಿ ನಿಲ್ಲುತ್ತದೆ. ಕ್ರಿಸ್ಮಸ್ಸಿನ ತಿಂಡಿ ಕುಸ್ವಾರ್ ಜೊತೆ ಸಣ್ಣ ಗ್ಲಾಸಿನಲ್ಲಿ ಕೊಡಲಿಕ್ಕೆ ನಮ್ಮವರಿಗೆ ಆ ಸಿಹಿಯೇ ಬೇಕಿತ್ತು. ಅದು ಅಜ್ಜಿಯ ತಪ್ಪಲ್ಲ, ಅದೇ ಅವರ ಕೈರುಚಿ.

ಈ ನವೆಂಬರ್‌ನಲ್ಲಿ ಎರಡು ಭರಣಿ ಇಡು. ಒಂದು ಅಜ್ಜಿಯ ಲೆಕ್ಕದ್ದು. ಇನ್ನೊಂದಕ್ಕೆ ನೀರು ಬೇಡ, ಲವಂಗ ಚಕ್ಕೆ ಬೇಡ, ಸಕ್ಕರೆ ಅರ್ಧಕ್ಕಿಂತ ಕಡಿಮೆ. ಬಾಟ್ಲಿಗೆ ತುಂಬಿದ ದಿನ ಚೀಟಿ ಅಂಟಿಸು. ದ್ರಾಕ್ಷಿ ಯಾವ ಊರಿನದ್ದು, ಯಾವ ವರ್ಷ ಅಂತ ಬರೆ. ಮಾರುವ ಮಾತು ಈಗ ಬೇಡ, ಅದಕ್ಕೆ ಅಬಕಾರಿ ಲೈಸೆನ್ಸ್ ಬೇಕು. ಮನೆಯವರೇ ಕುಡಿದು ಹೇಳಲಿ.

ಕುಲಶೇಖರದ ಮೊಮ್ಮಗಳು:

ಆಗಲಿ ಅಂಕಲ್. ಎರಡನೇ ಭರಣಿ ಅಣ್ಣನ ಮನೆಯಲ್ಲಿ, ಅವನೇ ತಿರುಗಿಸಲಿ. ದೊಡ್ಡಬಳ್ಳಾಪುರದ ಕಡೆಯ ತೋಟ ನೋಡಲಿಕ್ಕೆ ಹೋಗೋಣ ಅಂತಿದ್ದೇವೆ. ಜನವರಿ ಒಳ್ಳೆಯದಾ, ಫೆಬ್ರವರಿಯಾ?

ಬಿಜೈಯ ಹಳೇ ಸ್ಟೋರ್‌ಕೀಪರ್:

ಫೆಬ್ರವರಿ. ಹಿಂದಿನ ರಾತ್ರಿಯೇ ಬಸ್ ಹತ್ತಿ, ಬೆಳಿಗ್ಗೆ ಬಿಸಿಲೇರುವ ಮೊದಲು ತೋಟದಲ್ಲಿ ಇರಿ. ಕೊಯ್ಲು ತಂಪು ಹೊತ್ತಿನಲ್ಲೇ ಮಾಡುವುದು. ನನಗೂ ಒಂದು ಸೀಟು ಬುಕ್ ಮಾಡು, ನಾನೂ ಬರುತ್ತೇನೆ.