ಗೋಕುಲ ರಸ್ತೆಯಲ್ಲಿ ಹರಾಜಿಗೆ ಬಂದ ಪ್ಲಾಟನ್ನು ಕೊಳ್ಳಬಹುದೇ?

ಪ್ರಶ್ನೆ: ಬೆಟಗೇರಿಯ ಶಿಕ್ಷಕ

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ಮೂವತ್ತು-ನಲವತ್ತರ ಪ್ಲಾಟೊಂದನ್ನು ಸಾಲ ತೀರದ ಕಾರಣ ಬ್ಯಾಂಕು ಇ-ಹರಾಜಿಗೆ ಇಟ್ಟಿದೆ. ಮೂಲ ಬೆಲೆ 32 ಲಕ್ಷ ರೂಪಾಯಿ, ಬಯಾನಾ (ಮುಂಗಡ ಠೇವಣಿ) ಅದರ ಶೇ 10. ಅಕ್ಕಪಕ್ಕದ ದರ ನೋಡಿದರೆ ಇದು ಕಡಿಮೆಯೇ. ಆದರೆ ಪ್ಲಾಟಿನಲ್ಲಿ ತಗಡಿನ ಶೆಡ್ಡಿದ್ದು, ಯಾರೋ ಬಾಡಿಗೆಗೆ ಗ್ಯಾರೇಜು ನಡೆಸುತ್ತಿದ್ದಾರೆ. ಪ್ರಕಟಣೆಯಲ್ಲಿ ‘ಸಾಂಕೇತಿಕ ಸ್ವಾಧೀನ’ ಎಂದು ಬರೆದಿದೆ. ಹರಾಜು ನನ್ನ ಹೆಸರಿಗೆ ಆದರೆ ಹಣವನ್ನು ಎಷ್ಟು ದಿನದೊಳಗೆ ತುಂಬಬೇಕು, ಹಳೆಯ ಮಾಲೀಕರು ಆಮೇಲೆ ಸಾಲ ತೀರಿಸಿ ಜಾಗವನ್ನು ಮರಳಿ ಕೇಳಬಹುದೇ, ಕಬ್ಜಾ, ಅಂದರೆ ಜಾಗದ ವಶ, ಯಾರು ಕೊಡಿಸುತ್ತಾರೆ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಧಾರವಾಡದ ವಕೀಲ

ಶಿಕ್ಷಕರೇ, ತಮ್ಮ ಮೂರು ಪ್ರಶ್ನೆಗಳಲ್ಲಿ ಕೊನೆಯದೇ ಮುಖ್ಯವಾದದ್ದು. ಆದರೂ ಮೊದಲು ಹಣದ ವಿಚಾರ ಹೇಳುತ್ತೇನೆ. ಇದು ತೀರದ ಸಾಲಕ್ಕೆ ಅಡವಿಟ್ಟ ಆಸ್ತಿಯನ್ನು ಬ್ಯಾಂಕೇ ಮಾರಲು ಅವಕಾಶ ಕೊಡುವ 2002ರ ಸರ್ಫೇಸಿ ಕಾಯ್ದೆಯಡಿ ನಡೆಯುವ ಹರಾಜು. ತಾವು 36 ಲಕ್ಷಕ್ಕೆ ಕೂಗಿದಿರಿ ಎಂದುಕೊಳ್ಳಿ. ಅದರ ಕಾಲು ಭಾಗ, ಅಂದರೆ 9 ಲಕ್ಷ, ಅದೇ ದಿನ ಅಥವಾ ಮರುದಿನದ ಕೆಲಸದ ವೇಳೆಯೊಳಗೆ ಬ್ಯಾಂಕಿಗೆ ಸೇರಬೇಕು. ಬಯಾನಾ 3.20 ಲಕ್ಷ ಅದರಲ್ಲೇ ಜಮೆಯಾಗುವುದರಿಂದ ಹೊಸದಾಗಿ 5.80 ಲಕ್ಷ ತುಂಬಿದರೆ ಸಾಕು. ಉಳಿದ 27 ಲಕ್ಷಕ್ಕೆ ಮಾರಾಟ ಖಾಯಂ ಆದ ಮೇಲೆ 15 ದಿನ ಮಾತ್ರ ಅವಕಾಶ. ಬ್ಯಾಂಕು ಲಿಖಿತವಾಗಿ ಒಪ್ಪಿದರೆ ಹೆಚ್ಚೆಂದರೆ ಮೂರು ತಿಂಗಳವರೆಗೆ ಬೆಳೆಸಬಹುದು. ತಪ್ಪಿದರೆ ತುಂಬಿದ ಹಣ ಮುಟ್ಟುಗೋಲಾಗುತ್ತದೆ, ಕಾಲು ಭಾಗವನ್ನು ಪೂರ್ತಿಯಾಗಿ ಮುಟ್ಟುಗೋಲು ಹಾಕಿಕೊಳ್ಳುವುದನ್ನು ಸುಪ್ರೀಂ ಕೋರ್ಟು 2024ರಲ್ಲಿ ಎತ್ತಿಹಿಡಿದಿದೆ. ಗೃಹಸಾಲವನ್ನು ನಂಬಿ ಕೂಗುವವರು ಮಂಜೂರಾತಿ ಕೈಗೆ ಬಾರದೆ ಬಯಾನಾ ಕಟ್ಟಲೇಬಾರದು.

ಇನ್ನು ಕಬ್ಜಾ. ಸಾಂಕೇತಿಕ ಸ್ವಾಧೀನ ಎಂದರೆ ಬ್ಯಾಂಕು ಗೋಡೆಗೆ ನೋಟಿಸು ಅಂಟಿಸಿದೆ, ಬೀಗ ಅದರ ಕೈಯಲ್ಲಿಲ್ಲ ಎಂದರ್ಥ. ಜಾಗ ತೆರವು ಮಾಡಿಸಲು ಬ್ಯಾಂಕು 14ನೆಯ ಕಲಮಿನಡಿ ಜಿಲ್ಲಾಧಿಕಾರಿಗಳಿಗೆ ಅರ್ಜಿ ಕೊಡಬೇಕಾಗುತ್ತದೆ. ಗ್ಯಾರೇಜಿನವರ ಬಾಡಿಗೆ ಕರಾರು ಅಡಮಾನಕ್ಕಿಂತ ಹಳೆಯದೂ ಕಾನೂನುಬದ್ಧವೂ ಆಗಿದ್ದರೆ ಅವರನ್ನು ಏಕಾಏಕಿ ಎಬ್ಬಿಸಲು ಬರುವುದಿಲ್ಲ. ಆದ್ದರಿಂದ ಕರಾರಿನ ತಾರೀಖು, ಅಡಮಾನದ ತಾರೀಖು ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡದೆ ಮುಂದಕ್ಕೆ ಹೋಗಬೇಡಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಋಣಭಾರ ಪ್ರಮಾಣಪತ್ರ ತೆಗೆಸಿ. ‘ಇದ್ದ ಸ್ಥಿತಿಯಲ್ಲಿ’ ಎಂಬ ಷರತ್ತಿನ ಮೇಲೆ ಕೊಂಡವರ ತಲೆಗೆ ಹಳೆಯ ಬಾಕಿಗಳೂ ಬರಬಹುದಾದ್ದರಿಂದ ಪಾಲಿಕೆಯ ಆಸ್ತಿ ತೆರಿಗೆ ಮತ್ತು ಹೆಸ್ಕಾಂ ಬಿಲ್ಲಿನ ಬಾಕಿಯನ್ನೂ ವಿಚಾರಿಸಿ.

ಮಾಲೀಕರು ಮರಳಿ ಪಡೆಯುವ ಹಕ್ಕು 2016ರ ತಿದ್ದುಪಡಿಯ ನಂತರ ಹರಾಜಿನ ಪ್ರಕಟಣೆ ಹೊರಬೀಳುವವರೆಗೆ ಮಾತ್ರ ಉಳಿಯುತ್ತದೆ. 2023ರಲ್ಲಿ ಸುಪ್ರೀಂ ಕೋರ್ಟು ಇದನ್ನು ಖಚಿತಪಡಿಸಿದೆ. ಆದರೆ ಬ್ಯಾಂಕಿನ ಕ್ರಮದಲ್ಲಿ ಲೋಪವಿದ್ದರೆ ಅವರು ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ 45 ದಿನದೊಳಗೆ ಹೋಗಬಹುದು. ಅಲ್ಲಿ ದಾವೆ ಇದೆಯೇ ಎಂದು ಬ್ಯಾಂಕಿನ ಅಧಿಕಾರಿಯನ್ನು ಲಿಖಿತವಾಗಿಯೇ ಕೇಳಿ.

ಉತ್ತರ: ಬ್ಯಾಡಗಿಯ ವ್ಯಾಪಾರಿ

ವಕೀಲರು ಕೊಳ್ಳುವವರಿಗೆ ಹೇಳಿದ್ದು ಸರಿಯಾಗಿದೆ. ಕಳೆದುಕೊಳ್ಳುವವರ ಮಾತನ್ನೂ ಇಲ್ಲಿ ಎತ್ತಬೇಕೆನ್ನಿಸಿತು. ನಮ್ಮ ಪರಿಚಯದವರೊಬ್ಬರು ಮೆಣಸಿನಕಾಯಿ ವ್ಯಾಪಾರಕ್ಕೆ ಗೋದಾಮನ್ನೂ ಹೊಲವನ್ನೂ ಅಡವಿಟ್ಟಿದ್ದಾರೆ. ಸಾಲ ತೀರಿಸಿ ಎಂದು ಬ್ಯಾಂಕಿನಿಂದ ಅವರಿಗೆ 60 ದಿನದ ನೋಟಿಸು ಬಂದಿದೆ. ಹರಾಜಾದರೆ ಎಲ್ಲವೂ ಹೋಯಿತು ಎಂದು ಕೈಚೆಲ್ಲಿ ಕುಳಿತಿದ್ದಾರೆ. ಅವರು ಈಗ ಏನು ಮಾಡಬೇಕು?

ಉತ್ತರ: ಧಾರವಾಡದ ವಕೀಲ

ಕೈಚೆಲ್ಲಿ ಕೂರುವ ಕಾಲ ಇದಲ್ಲ ಎಂದು ಅವರಿಗೆ ದಯವಿಟ್ಟು ತಿಳಿಸಿ. ಆ 60 ದಿನದಲ್ಲಿ ಅವರು ಲಿಖಿತ ಆಕ್ಷೇಪಣೆ ಕೊಟ್ಟರೆ ಬ್ಯಾಂಕು 15 ದಿನದೊಳಗೆ ಕಾರಣಸಹಿತ ಉತ್ತರ ಕೊಡಲೇಬೇಕು. ಗೋದಾಮನ್ನು ತಾವೇ ಒಳ್ಳೆಯ ಬೆಲೆಗೆ ಮಾರಿ ಸಾಲ ತೀರಿಸಲು ಸಾಧ್ಯವಿದ್ದರೆ, ಪ್ರಕಟಣೆ ಬರುವ ಮೊದಲೇ ಗಿರಾಕಿಯನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಬೇಕು. ಹರಾಜೇ ನಡೆದರೂ ಸಾಲ, ಬಡ್ಡಿ, ಖರ್ಚು ಕಳೆದು ಉಳಿದ ಹಣ ಅವರದೇ. ಅದನ್ನು ಕೇಳಿ ಪಡೆಯುವವರು ಕಡಿಮೆ ಎಂಬುದು ನನಗೆ ಬಹಳ ನೋವಿನ ಸಂಗತಿ. ಮೂಲ ಬೆಲೆಯನ್ನು ಅಧಿಕೃತ ಮೌಲ್ಯಮಾಪಕರ ವರದಿ ಪಡೆದೇ ಗೊತ್ತುಮಾಡಬೇಕು, ಆ ವರದಿಯ ಪ್ರತಿಯನ್ನು ಅವರು ಕೇಳಲಿ.

ಹೊಲದ ಮಾತು ಬೇರೆ. 31ನೆಯ ಕಲಮಿನ ಪ್ರಕಾರ ಕೃಷಿ ಜಮೀನಿಗೆ ಸರ್ಫೇಸಿ ಅನ್ವಯಿಸುವುದಿಲ್ಲ. ಬ್ಯಾಂಕು ವಸೂಲಿಗೆ ಬೇರೆ ಕಾನೂನಿನ ದಾರಿ ಹಿಡಿಯಬೇಕು. ಆದರೆ ಉತಾರದಲ್ಲಿ (ಪಹಣಿಯಲ್ಲಿ) ಹೊಲ ಎಂದು ಬರೆದಿದ್ದರಷ್ಟೇ ಸಾಲದು, ಅದು ನಿಜವಾಗಿ ಉಳುಮೆಯಲ್ಲಿರುವ ಜಮೀನು ಎಂಬುದಕ್ಕೆ ಪುರಾವೆ ಬೇಕು ಎಂಬುದನ್ನು 2018ರ ಸುಪ್ರೀಂ ಕೋರ್ಟಿನ ತೀರ್ಪು ಸ್ಪಷ್ಟಪಡಿಸಿದೆ. ಬೆಳೆ ದಾಖಲೆಯನ್ನು ಅವರು ಈಗಲೇ ತೆಗೆದಿಟ್ಟುಕೊಳ್ಳಲಿ.

ಉತ್ತರ: ಹಾವೇರಿಯ ಓದುಗ

ಒಂದು ಮಾತು ಸೇರಿಸುತ್ತೇನೆ. ಸಿವಿಲ್ ಕೋರ್ಟು ನಡೆಸುವ ಹರಾಜಿನ ನಿಯಮ ಹೀಗಿಲ್ಲ. ಅಲ್ಲಿಯೂ ಕಾಲು ಭಾಗ ಮೊದಲು, ಉಳಿದದ್ದು 15 ದಿನದಲ್ಲಿ ಎಂಬುದು ನಿಜ. ಆದರೆ ಮಾಲೀಕರು 60 ದಿನದೊಳಗೆ ಪ್ರಕಟಣೆಯಲ್ಲಿ ಕಾಣಿಸಿದ ಬಾಕಿಯನ್ನೂ, ಕೊಂಡವರಿಗೆ ಖರೀದಿ ಹಣದ ಶೇ 5ನ್ನೂ ಕೋರ್ಟಿನಲ್ಲಿ ಕಟ್ಟಿದರೆ ಮಾರಾಟವನ್ನು ರದ್ದುಮಾಡಿಸಬಹುದು. ಶಿಕ್ಷಕರಿಗೆ ಕಬ್ಜಾದ ತಂಟೆಯೇ ಬೇಡ ಎನ್ನಿಸಿದರೆ, ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರವು ಮೂಲೆ ನಿವೇಶನಗಳನ್ನು ಹರಾಜಿಗೆ ಇಟ್ಟಾಗ ನೋಡಬಹುದು. ಬೆಲೆ ಹೆಚ್ಚಾದರೂ ಅಲ್ಲಿ ಸಾಲಗಾರರ ತಕರಾರು ಇರುವುದಿಲ್ಲ.

ಮರುಉತ್ತರ: ಬೆಟಗೇರಿಯ ಶಿಕ್ಷಕ

ಎಲ್ಲರಿಗೂ ಕೃತಜ್ಞತೆಗಳು. ಸೋಮವಾರ ಬ್ಯಾಂಕಿಗೆ ಹೋಗಿ ಬಾಡಿಗೆ ಕರಾರಿನ ಪ್ರತಿ, ದಾವೆಯ ವಿವರ ಕೇಳುತ್ತೇನೆ. ಅವೆರಡನ್ನೂ ಲಿಖಿತವಾಗಿ ಕೊಡದಿದ್ದರೆ ಬಯಾನಾ ಕಟ್ಟುವುದಿಲ್ಲ.