ಸಿಗಾರ್ ಹೊಗೆ ಎದೆಗೆ ಇಳಿಸದಿದ್ದರೂ ಅಪಾಯವೇ?

ತುಂಗಾತೀರ: ಸಿಗಾರ್ ಸೇದುವವರು ಹೇಳುವ ಮಾತು ಒಂದೇ: ‘ಹೊಗೆ ಬಾಯಲ್ಲಿ ಆಡಿಸಿ ಬಿಡುತ್ತೇವೆ, ಎದೆಗೆ ಇಳಿಸುವುದಿಲ್ಲ.’ ಹಾಗಿದ್ದರೆ ನಿಕೋಟಿನ್ ರಕ್ತಕ್ಕೆ ಸೇರುವುದು ಹೇಗೆ? ಬಾಯಲ್ಲಿ ಏನನ್ನು ಗಮನಿಸಬೇಕು? ಬಿಡುವುದಕ್ಕೆ ನಿಕೋಟಿನ್ ಗಮ್ ಆಗುತ್ತದಾ?

ಹೊಗೆಸೊಪ್ಪು: ಗುಟ್ಟಿರುವುದು ಎಲೆ ಹದ ಮಾಡುವುದರಲ್ಲಿ. ಹುಣಸೂರು, ಪಿರಿಯಾಪಟ್ಟಣದ ವರ್ಜೀನಿಯಾ ಸೊಪ್ಪನ್ನು (ಸಿಗರೇಟಿಗೆ ಹೋಗುವ ತಂಬಾಕು) ಬ್ಯಾರನ್ ಎಂಬ ಒಣಗಿಸುವ ಮನೆಯಲ್ಲಿ ಬಿಸಿ ಕೊಟ್ಟು ಕೆಲವೇ ದಿನಗಳಲ್ಲಿ ಒಣಗಿಸುತ್ತಾರೆ. ಸಕ್ಕರೆ ಅಂಶ ಎಲೆಯಲ್ಲೇ ಉಳಿಯುವುದರಿಂದ ಹೊಗೆ ತುಸು ಆಮ್ಲೀಯ. ಅಂಥ ಹೊಗೆಯ ನಿಕೋಟಿನ್ ಬಾಯಿಯ ಒಳಪದರವನ್ನು ಸುಲಭವಾಗಿ ದಾಟುವುದಿಲ್ಲ, ಅದಕ್ಕೇ ಸಿಗರೇಟ್ ಹೊಗೆಯನ್ನು ಎದೆಗೆ ಎಳೆಯಬೇಕಾಗುತ್ತದೆ. ಸಿಗಾರ್ ಎಲೆ ಹಾಗಲ್ಲ. ನೆರಳು-ಗಾಳಿಯಲ್ಲಿ ನಿಧಾನವಾಗಿ ಒಣಗಿ, ಆಮೇಲೆ ರಾಶಿಯಲ್ಲಿ ಹುದುಗುತ್ತದೆ. ಸಕ್ಕರೆ ಹೋಗಿ ಹೊಗೆ ಕ್ಷಾರೀಯವಾಗುತ್ತದೆ, ನಿಕೋಟಿನ್ ಕೆನ್ನೆಯ ಒಳಗಿನಿಂದಲೇ ರಕ್ತಕ್ಕೆ ನುಸುಳುತ್ತದೆ. ಹುದುಗುವಾಗ ಕ್ಯಾನ್ಸರ್‌ಕಾರಕ ನೈಟ್ರೋಸಮೀನ್‌ಗಳೂ ಹುಟ್ಟಿಕೊಳ್ಳುತ್ತವೆ.

ಪ್ರಮಾಣವನ್ನೂ ನೋಡಿ. ಸಿಗರೇಟಿನಲ್ಲಿ 1 ಗ್ರಾಂ ತಂಬಾಕೂ ಇರುವುದಿಲ್ಲ, ದೊಡ್ಡ ಸಿಗಾರಿನಲ್ಲಿ 5ರಿಂದ 20 ಗ್ರಾಂ. ಒಂದು ಗಂಟೆಗೂ ಹೆಚ್ಚು ಉರಿಯುತ್ತದೆ. ಹೊರಗೆ ಸುತ್ತಿದ ಎಲೆಯಲ್ಲಿ ಸಿಗರೇಟ್ ಕಾಗದದಷ್ಟು ಗಾಳಿಯಾಡುವುದಿಲ್ಲ. ಹಾಗಾಗಿ ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಜಾಸ್ತಿ. ಬಾಗಿಲು ಹಾಕಿದ ಕೋಣೆಯಲ್ಲಿ ಪಕ್ಕದಲ್ಲಿ ಕೂತವರೂ ಅದನ್ನೇ ಉಸಿರಾಡುತ್ತಾರೆ, ದಯವಿಟ್ಟು ಮಕ್ಕಳಿರುವ ಮನೆಯಲ್ಲಿ ಬೇಡವೇ ಬೇಡ.

ಒಸಡು_ಹಲ್ಲು: ಮೇಲಿನದಕ್ಕೆ ಸೇರಿಸುತ್ತೇನೆ. ಹೊಗೆ ಎದೆಗೆ ಇಳಿಯದಿದ್ದರೂ ಅದು ಕರಗಿದ ಎಂಜಲು ಗಂಟಲಿಗೆ ಇಳಿದೇ ಇಳಿಯುತ್ತದೆ. ಬಾಯಿ, ಧ್ವನಿಪೆಟ್ಟಿಗೆ, ಅನ್ನನಾಳದ ಕ್ಯಾನ್ಸರ್‌ಗೆ ಇದೇ ದಾರಿ. ಜೊತೆಗೆ ಮದ್ಯವಿದ್ದರೆ ಅಪಾಯ ಹಲವು ಪಟ್ಟು. ಸಿಗರೇಟ್ ಬಿಟ್ಟು ಸಿಗಾರಿಗೆ ಬಂದವರು ಹಳೇ ರೂಢಿಯಲ್ಲಿ ಅರಿವಿಲ್ಲದೆ ಎದೆಗೂ ಎಳೆಯುತ್ತಾರೆ, ಅವರಿಗೆ ಶ್ವಾಸಕೋಶದ ಅಪಾಯವೂ ತಪ್ಪಿದ್ದಲ್ಲ. ಆಂಧ್ರದ ಶ್ರೀಕಾಕುಳಂ ಕಡೆ ಚುಟ್ಟದ (ಕೈಯಲ್ಲಿ ಸುತ್ತಿದ ನಾಟಿ ಸಿಗಾರ್) ಉರಿಯುವ ತುದಿಯನ್ನೇ ಬಾಯೊಳಗಿಟ್ಟು ಸೇದುವ ‘ಅಡ್ಡಪೊಗ’ ರೂಢಿಯಿದೆ. ಅಲ್ಲಿ ಕ್ಯಾನ್ಸರ್ ಕಾಣಿಸುವುದು ಮುಖ್ಯವಾಗಿ ಅಂಗುಳಿನಲ್ಲಿ.

ತಿಂಗಳಿಗೊಮ್ಮೆ ಒಳ್ಳೆ ಬೆಳಕಿನಲ್ಲಿ ಕನ್ನಡಿ ಹಿಡಿದು ನೋಡಿ: ಕೆನ್ನೆ, ಒಸಡು, ನಾಲಿಗೆಯ ಅಂಚು, ನಾಲಿಗೆಯ ಅಡಿ, ಅಂಗುಳು. ಒರೆಸಿದರೂ ಹೋಗದ ಬಿಳಿ ಮಚ್ಚೆ, ಕೆಂಪು ಮಚ್ಚೆ (ಇದು ಹೆಚ್ಚು ಕೆಟ್ಟದ್ದು), ಎರಡು ವಾರವಾದರೂ ಮಾಗದ ಹುಣ್ಣು, ಕುತ್ತಿಗೆಯಲ್ಲಿ ಗಂಟು ಇದ್ದರೆ ದಂತವೈದ್ಯರಿಗೆ ತೋರಿಸಿ. ನೋವಿಲ್ಲ ಎಂದು ಕಾಯಬೇಡಿ, ಶುರುವಿನಲ್ಲಿ ನೋವು ಇರುವುದೇ ಕಡಿಮೆ.

ತುಂಗಾತೀರ: ಗಮ್ ವಿಷಯ?

ಹೊಗೆಸೊಪ್ಪು: ಅದೂ ಕೆನ್ನೆಯಿಂದಲೇ ಹೀರಿಕೆಯಾಗುವುದು, ಹಾಗಾಗಿ ಬಾಯಿ ಆಮ್ಲೀಯವಾಗಿರಬಾರದು. ಕಾಫಿ, ಹಣ್ಣಿನ ರಸ, ಸೋಡಾ ಕುಡಿದು 15 ನಿಮಿಷ ಬಿಟ್ಟು ಹಾಕಿಕೊಳ್ಳಿ. ಚ್ಯೂಯಿಂಗ್ ಗಮ್ಮಿನ ಹಾಗೆ ಒಂದೇ ಸಮ ಜಗಿದರೆ ನಿಕೋಟಿನ್ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ಎದೆಯುರಿ ಬರುತ್ತದೆ. ನಿಧಾನ ಜಗಿಯಿರಿ, ಜುಮುಗುಟ್ಟಿದಾಗ ಕೆನ್ನೆ-ಒಸಡಿನ ನಡುವೆ ಇಟ್ಟುಕೊಳ್ಳಿ, ಜುಮುಗು ಇಳಿದರೆ ಮತ್ತೆ ಜಗಿಯಿರಿ. ಒಂದು ಗಮ್ ಸುಮಾರು 30 ನಿಮಿಷ. 2 ಮಿಗ್ರಾಂ, 4 ಮಿಗ್ರಾಂ ಎರಡೂ ಸಿಗುತ್ತವೆ. ಪೊಟ್ಟಣದ ಮೇಲಿನ ಲೆಕ್ಕ ಸಿಗರೇಟಿನವರದ್ದು, ಸಿಗಾರಿನವರು ವೈದ್ಯರನ್ನು ಕೇಳಿಯೇ ಶುರುಮಾಡುವುದು ಒಳ್ಳೆಯದು. ರಾಷ್ಟ್ರೀಯ ಸಹಾಯವಾಣಿ 1800-11-2356, ಕರೆ ಉಚಿತ.